ಇಳಕಲ್ಲಿನಿಂದ ಎಷ್ಟು ತಾಸು?

ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೋ ನಗರಗಳ ನಡುವಿನ ಆಕಾಶಮಾರ್ಗದ ದೂರ ಸುಮಾರು 14,000 ಕಿಲೋಮೀಟರ್ ಎಂದೂ ಪ್ರಯಾಣದ ಅವಧಿ ಸುಮಾರು 17 ತಾಸು ಎಂದೂ 2021ರ ಜನವರಿಯಲ್ಲಿ ಪತ್ರಿಕೆಗಳು ಪ್ರಕಟಿಸಿದವು. ಏರ್ ಇಂಡಿಯಾದ ಬೋಯಿಂಗ್ 777 ವಿಮಾನವೊಂದು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ನೇತೃತ್ವದಲ್ಲಿ, ಮಹಿಳೆಯರೇ ತುಂಬಿದ್ದ ಚಾಲಕ ತಂಡದೊಂದಿಗೆ, ಜನವರಿ 9ರ ರಾತ್ರಿ ಅಮೆರಿಕದ ಪಶ್ಚಿಮ ಕರಾವಳಿಯಿಂದ ಹೊರಟು, ಉತ್ತರ ಧ್ರುವದ ದಾರಿ ಹಿಡಿದು, 11ರ ನಸುಕಿನಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ನಡುವೆ ಎಲ್ಲಿಯೂ ಇಳಿಯದೆ ಬಂದು ಮುಟ್ಟಿದ್ದೇ ಈ ಅಂಕಿಗಳು ಸುದ್ದಿಯಾಗಲು ಕಾರಣವಾಗಿತ್ತು.

ದೂರ ಮತ್ತು ಅವಧಿ ಎಂಬ ಈ ಎರಡಕ್ಕೂ ವಿಮಾನಯಾನದಲ್ಲಿ ಖಚಿತವಾದ ಅರ್ಥಗಳಿವೆ. ಭೂಗೋಳದ ಕೇಂದ್ರದ ಮೂಲಕ ಹಾಯುವ ಸಮತಲವೊಂದು ಭೂಮಿಯ ಮೇಲ್ಮೈಯನ್ನು ಸೀಳಿದಾಗ ಮೂಡುವ ವೃತ್ತಕ್ಕೆ ಮಹಾವೃತ್ತ ಎನ್ನುತ್ತಾರೆ. ಗೋಳದ ಮೇಲಿನ ಯಾವ ಎರಡು ಊರುಗಳನ್ನು ತೆಗೆದುಕೊಂಡರೂ ಅವುಗಳ ನಡುವಿನ ಅತಿ ಹತ್ತಿರದ ದಾರಿ ಇಂಥದೊಂದು ವೃತ್ತದ ತುಂಡೇ ಆಗಿರುತ್ತದೆ, ಆದ್ದರಿಂದ ವಿಮಾನಮಾರ್ಗದ ಕೋಷ್ಟಕಗಳು ಕೊಡುವ ದೂರವೆಂದರೆ ಆ ತುಂಡಿನ ಉದ್ದ. ಶಾಲೆಯ ಗೋಡೆಗೆ ತೂಗುಹಾಕಿದ ಚಪ್ಪಟೆ ನಕಾಶೆಯನ್ನು ನೋಡಿ ಬೆಳೆದ ಕಣ್ಣಿಗೆ ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾಕ್ಕೆ ಹೋಗುವ ದಾರಿ ಬಡಗಣಕ್ಕೆ ತಿರುಗಿ ಸೈಬೀರಿಯಾದ ಮೇಲೆ ಹಾಯುವುದು ಸುತ್ತುದಾರಿಯಂತೆ ಕಂಡರೂ, ಗೋಳದ ಮೇಲೆ ದಾರವಿಟ್ಟು ಎಳೆದು ಹಿಡಿದರೆ ಅದೇ ನೇರದಾರಿಯೆಂಬುದು ತಿಳಿಯುತ್ತದೆ. ಅವಧಿಯ ಲೆಕ್ಕವೂ ಹೀಗೆಯೇ ಕಟ್ಟುನಿಟ್ಟಿನದು: ನಿಂತ ವಿಮಾನದ ಗಾಲಿಗಳಿಗೆ ಕೊಟ್ಟ ಅಡ್ಡತುಂಡುಗಳನ್ನು ತೆಗೆದು ಅದು ಅಲುಗಿದ ಗಳಿಗೆಯಿಂದ, ಸೇರಿದ ನಿಲ್ದಾಣದಲ್ಲಿ ಮತ್ತೆ ಆ ತುಂಡುಗಳನ್ನು ಕೊಡುವ ಗಳಿಗೆಯವರೆಗಿನ ಕಾಲವನ್ನು ಬ್ಲಾಕ್ ಅವಧಿ ಎಂದು ಎಣಿಸುತ್ತಾರೆ.

ಈ ಲೆಕ್ಕದಲ್ಲಿ ದೋಷವೇನೂ ಇಲ್ಲ. ಆದರೆ ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ, ನೇಕಾರರ ಓಣಿಯೊಂದರಲ್ಲಿ, ಆ ಸುದ್ದಿಯನ್ನು ಓದಿಸಿಕೊಂಡು ಕೇಳಿದ ಎಪ್ಪತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಈ ಬರಹದ ಕರ್ತೃವಿಗೆ ಹಾಕಿದ ಪ್ರಶ್ನೆ ಮಾತ್ರ ಕೋಷ್ಟಕಕ್ಕೆ ನಿಲುಕುವಂಥದಾಗಿರಲಿಲ್ಲ: "ಹದಿನೇಳು ತಾಸು ಅಂದ್ರ ಎಲ್ಲಿಂದ ಎಣಿಸ್ಯಾರ ತಮ್ಮಾ? ನಮ್ಮ ಹೊಸ್ತಲಾ ದಾಟಿದಾಗಿಂದೇನು?" ಆಕೆಯ ತಮ್ಮನೇ ಆ ಓಣಿಯಿಂದ ಅಮೆರಿಕಕ್ಕೆ ಹೋದ ಮೊದಲಿಗ. ಅವನು ಹೋದ ಕಾಲದಲ್ಲಿ ಆಕೆಗೆ ಇಪ್ಪತ್ತು ದಾಟಿತ್ತು, ಕರ್ತೃವಿಗೆ ಹತ್ತು ತುಂಬಿತ್ತು. ಎರಡು ಮನೆಗಳ ನಡುವೆ ಇದ್ದುದು ಒಂದೇ ಗೋಡೆ.

1970ರ ದಶಕದ ಮೊದಲ ವರ್ಷಗಳ ಆ ಓಣಿಯಲ್ಲಿ ಬೆಳಗಿನಿಂದ ಕತ್ತಲಾಗುವವರೆಗೆ ಕುಣಿಮಗ್ಗಗಳ ಸದ್ದು ಕೇಳುತ್ತಿತ್ತು. ನೇಕಾರನು ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ನೆಲಮಟ್ಟದಲ್ಲಿ ಕುಳಿತು ನೇಯುವ ಮಗ್ಗಕ್ಕೆ ಕುಣಿಮಗ್ಗವೆಂದು ಹೆಸರು. ಇಳಕಲ್ಲಿನ ಸೀರೆಯ ವಿಶೇಷವೆಂದರೆ ಮೈಯ ಹಾಸಿನ ಎಳೆಗಳನ್ನೂ ಸೆರಗಿನ ರೇಶಿಮೆ ಹಾಸಿನ ಎಳೆಗಳನ್ನೂ ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸಿ ನೇಯುವುದು. ಈ ಕೂಡಿಕೆಗೆ ಕೊಂಡಿ ಎನ್ನುತ್ತಾರೆ, ಆ ಕೊಂಡಿಯಿಂದಾಚೆ ಕೆಂಪು ನೆಲದ ಮೇಲೆ ಬಿಳಿಯ ತೆನೆಗಳಂತೆ ಏಳುವ ಸೆರಗಿಗೆ ಟೋಪತೆನಿ ಸೆರಗು ಎನ್ನುತ್ತಾರೆ. ಹಾಸು ಹೂಡುವುದು, ಲಾಳಿಗೆ ಬೇಕಾದ ಕಂಡಿಕೆ ಸುತ್ತುವುದು, ಕೊಂಡಿ ಹಾಕುವುದು ಇವೆಲ್ಲ ಸೇರಿ ಒಂದು ಸೀರೆ ಮಗ್ಗದಿಂದ ಇಳಿಯಲು ಹೆಚ್ಚು ಕಡಿಮೆ ಒಂದು ವಾರ ಹಿಡಿಯುತ್ತಿತ್ತು, ಅದರಲ್ಲಿ ಮನೆಯ ಮೂರು ಜನರಾದರೂ ದುಡಿಯುತ್ತಿದ್ದರು. ಮಗ್ಗದಲ್ಲಿ ಕುಳಿತವನೊಬ್ಬನನ್ನೇ ನೇಕಾರನೆಂದು ಕರೆಯುತ್ತಿದ್ದುದು ಬೇರೆ ಮಾತು.

ಅಂಥ ಮನೆಯ ಹುಡುಗನಾದ ಆ ತಮ್ಮ ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ. ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು 1963ರಲ್ಲಿ ಆ ಕಾಲೇಜನ್ನು ತೆರೆಯದಿದ್ದರೆ ಇಳಕಲ್, ಹುನಗುಂದ, ಬಾದಾಮಿ ಕಡೆಯ ಬಡವರ ಮಕ್ಕಳು ಎಂಜಿನಿಯರಾಗುವುದು ದೂರದ ಮಾತಾಗಿತ್ತು. ಅಮೆರಿಕವು 1965ರಲ್ಲಿ ತನ್ನ ವಲಸೆಯ ಕಾಯಿದೆಯನ್ನು ಬದಲಿಸಿ ಏಶ್ಯಾದವರ ಮೇಲಿದ್ದ ಬಿಗಿಯನ್ನು ಸಡಿಲಿಸದಿದ್ದರೆ ಹಾಗೆ ಎಂಜಿನಿಯರಾದವರು ಅಲ್ಲಿಗೆ ಹೋಗಿ ನೆಲೆಸುವುದೂ ಆಗದ ಮಾತಾಗಿತ್ತು. ಎರಡೂ ಒಂದೇ ದಶಕದಲ್ಲಿ ನಡೆದುವೆಂಬುದು ಆ ಓಣಿಯವರಿಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದುದು ಹುಡುಗನ ಹಣೆಬರಹ ಚಲೋ ಇದೆ ಎಂಬುದಷ್ಟೇ.

ಅವನು ಹೋದ ದಾರಿಯನ್ನು ಇಂದು ಬಿಡಿಸಿ ಹೇಳಬೇಕಾಗುತ್ತದೆ. ಇಳಕಲ್ಲಿಗೆ ರೈಲಿರಲಿಲ್ಲ, ಹುನಗುಂದಕ್ಕೂ ಇರಲಿಲ್ಲ. 1876-78ರ ದೊಡ್ಡ ಬರಗಾಲದ ತರುವಾಯ, ಬರಪೀಡಿತ ಸೀಮೆಗೆ ಕಾಳುಕಡಿ ಸಾಗಿಸುವ ಉದ್ದೇಶವೂ ಸೇರಿ, 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯವರು ಗದಗಿನಿಂದ ಹೋಟಗಿಯವರೆಗೆ ಹಾಕಿದ ಮೀಟರ್ ಗೇಜ್ ಹಳಿ, ಅಂದರೆ ಎರಡು ಕಂಬಿಗಳ ನಡುವೆ ಒಂದು ಮೀಟರ್ ಅಂತರವಿರುವ ಹಳಿ, ಬಾದಾಮಿ ಮತ್ತು ಬಾಗಲಕೋಟೆಗಳನ್ನು ಮುಟ್ಟಿ ಬಿಜಾಪುರದ ಕಡೆಗೆ ಹೋಗಿತ್ತು. 1956ರವರೆಗೆ ಈ ಸೀಮೆ ಮುಂಬಯಿ ರಾಜ್ಯದಲ್ಲಿದ್ದುದರಿಂದಲೂ ಇಳಕಲ್ಲಿನ ಸೀರೆಗಳಿಗೆ ಮಹಾರಾಷ್ಟ್ರದಲ್ಲಿಯೇ ದೊಡ್ಡ ಗಿರಾಕಿ ಇದ್ದುದರಿಂದಲೂ ಜನರ ಮುಖ ಬೆಂಗಳೂರಿಗಿಂತ ಸೋಲಾಪುರ, ಮುಂಬಯಿಗಳ ಕಡೆಗೇ ಇತ್ತು, ವಿದೇಶದ ವಿಮಾನವೂ ಮುಂಬಯಿಯಿಂದಲೇ ಹಾರುತ್ತಿತ್ತು. ಹೀಗಾಗಿ ಇಳಕಲ್ಲಿನಿಂದ ಹುನಗುಂದ, ಅಮೀನಗಡಗಳ ಮೇಲೆ ಬಾಗಲಕೋಟೆಗೆ ಬಸ್ಸು, ಬಾಗಲಕೋಟೆಯಿಂದ ರಾತ್ರಿಯ ಗಾಡಿಯಲ್ಲಿ ಸೋಲಾಪುರ, ಅಲ್ಲಿ ಬ್ರಾಡ್‌ಗೇಜ್ ಗಾಡಿಗೆ ಬದಲಾಯಿಸಿ ಮುಂಬಯಿ, ಅಲ್ಲಿ ದಾದರಿನ ಚಾಳೊಂದರಲ್ಲಿ ಊರಿನವರ ಖೋಲಿಯಲ್ಲಿ ಎರಡು ದಿನದ ತಂಗು, ಆಮೇಲೆ ವಿಮಾನ. ಏರ್ ಇಂಡಿಯಾ 1960ರ ಮೇ ತಿಂಗಳಲ್ಲಿ ನ್ಯೂಯಾರ್ಕಿಗೆ ಬೋಯಿಂಗ್ 707 ಜೆಟ್ ವಿಮಾನಗಳನ್ನು ಹಾರಿಸತೊಡಗಿತ್ತು, 1971ರಲ್ಲಿ ಅದಕ್ಕೆ 747 ಎಂಬ ಭಾರೀ ವಿಮಾನ ಬಂದು ಸೇರಿತ್ತು. ದಾರಿಯಲ್ಲಿ ಅಲ್ಲಲ್ಲಿ ಇಳಿದು, ಇಂಧನ ತುಂಬಿಕೊಂಡು, ಲಂಡನ್ ಮೂಲಕ ಅಟ್ಲಾಂಟಿಕ್ ದಾಟಬೇಕಾಗಿತ್ತು.

ಬೀಳ್ಕೊಡುಗೆಯ ದಿನ ಓಣಿಯ ಹುಡುಗರೆಲ್ಲ ಅವನ ಸಂಗಡ ಬಸ್ಸು ಹತ್ತಿ ಹುನಗುಂದದವರೆಗೆ ಹೋಗಿ ಅಲ್ಲಿ ಇಳಿದುಕೊಂಡರು, ಏಕೆಂದರೆ ಅಲ್ಲಿಂದ ಮುಂದಿನ ಟಿಕೀಟಿಗೆ ಯಾರ ಹತ್ತಿರವೂ ರೊಕ್ಕವಿರಲಿಲ್ಲ. ಸೋಲಾಪುರದವರೆಗೆ ಹೋದವರು ತಂದೆ ಮತ್ತು ಕಾಕಾ ಇಬ್ಬರೇ. ಟ್ರಂಕಿನಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಹಿಂಡಿ ಇದ್ದವು. ಅಮೀನಗಡದಲ್ಲಿ ಬಸ್ಸು ನಿಂತಾಗ ತಂದೆ ಇಳಿದುಹೋಗಿ ಒಂದು ಕಟ್ಟು ಕರದಂಟು ತಂದು ಅದರ ಮೇಲಿಟ್ಟನೆಂದು ಕಾಕಾ ಬಹಳ ಕಾಲ ಹೇಳುತ್ತಿದ್ದ. ದೇಶ ಬಿಟ್ಟು ಹೋಗುವ ವಿದ್ಯಾರ್ಥಿಗೆ ಸರಕಾರ ಕೊಡುತ್ತಿದ್ದುದು ಎಂಟು ಡಾಲರು ಎಂಬುದು ಆ ಕಾಲದವರ ನೆನಪುಗಳಲ್ಲೆಲ್ಲ ಬರುವ ಮಾತು. ವಿಮಾನದ ಟಿಕೀಟಿನ ಹಣವನ್ನು ಸಾವಕಾರನೊಬ್ಬ ಬಡ್ಡಿಗೆ ಕೊಟ್ಟಿದ್ದ, ಆ ಸಾಲವನ್ನು ಮುಂದಿನ ವರ್ಷಗಳಲ್ಲಿ ಆ ಮನೆಯ ಮಗ್ಗ ತೀರಿಸಿತು ಎಂದು ಓಣಿ ಹೇಳುತ್ತಿತ್ತು.

ಮಗ್ಗ ತಾನಾಗಿ ಸಾಲ ತೀರಿಸುವುದಿಲ್ಲ. ತಂದೆಗೆ ಕೆಮ್ಮು ದಮ್ಮು ಹತ್ತಿದ ಮೇಲೆ ಕುಣಿಯಲ್ಲಿ ಕಾಲಿಟ್ಟು ಕುಳಿತವಳು ಅಕ್ಕ. ಅವಳಿಗೆ ಗೊತ್ತಾಗಿದ್ದ ಸಂಬಂಧವೊಂದು ಸಾಲದ ಕಾರಣಕ್ಕೆ ಮುಂದಕ್ಕೆ ಹೋಗಿ, ಮುಂದಕ್ಕೆ ಹೋಗಿ, ಕಡೆಗೆ ಬಿಟ್ಟುಹೋಯಿತು. ಮದುವೆಯಾದುದು ಎಷ್ಟೋ ವರ್ಷಗಳ ನಂತರ, ಊರಿನಲ್ಲಿಯೇ, ಎರಡನೆಯ ಸಂಬಂಧಕ್ಕೆ. ಓಣಿಯವರ ಬಾಯಲ್ಲಿ ಮಾತ್ರ ಆ ಕಥೆ ಯಾವಾಗಲೂ ಮುಂಬಯಿಯಿಂದ ವಿಮಾನ ಏರಿದವನದಾಗಿತ್ತು. ದೂರ ಕ್ರಮಿಸಿದವನ ಲೆಕ್ಕವನ್ನು ಎಲ್ಲರೂ ಇಡುತ್ತಾರೆ, ಆ ದೂರಕ್ಕೆ ಹಣ ತೆತ್ತು ಕುಳಿತಲ್ಲೇ ಕುಳಿತವರ ಲೆಕ್ಕವನ್ನು ಯಾರೂ ಇಡುವುದಿಲ್ಲ. ಇಳಕಲ್ಲಿನ ಬಗೆಗೆ ಬಂದಿರುವ ಹೆಮ್ಮೆಯ ಬರಹಗಳಲ್ಲಿಯೂ ಈ ಕೊರತೆ ಕಾಣುತ್ತದೆ.

ಅಕ್ಕನಿಗೆ ಓದು ಬರುತ್ತಿರಲಿಲ್ಲ. ತಮ್ಮನ ಕಾಗದಗಳನ್ನು ಓದಿಹೇಳುವ, ಅವಳು ಹೇಳಿದ್ದನ್ನು ನೀಲಿ ಏರೋಗ್ರಾಮ್ ಹಾಳೆಯಲ್ಲಿ, ಅಂದರೆ ಮಡಚಿ ಅಂಟಿಸಿದರೆ ತಾನೇ ಲಕೋಟೆಯಾಗುವ ವಿಮಾನ ಅಂಚೆಯ ಹಗುರ ಹಾಳೆಯಲ್ಲಿ, ಬರೆದುಕೊಡುವ ಕೆಲಸ ಪಕ್ಕದ ಮನೆಯ ಹುಡುಗನದಾಗಿತ್ತು. ಈ ಬರಹದ ಕರ್ತೃವಿನ ಮೊದಲ ಬರವಣಿಗೆ ಅದೇ. ಅಲ್ಲಿಂದ ಇಲ್ಲಿಗೆ ಕಾಗದ ಬರಲು ಎರಡು ವಾರ ಹಿಡಿಯುತ್ತಿತ್ತಾದರೂ ಅಕ್ಕ ಅದನ್ನು ವಾರಗಳಲ್ಲಿ ಎಣಿಸಿದವಳಲ್ಲ. "ಎರಡು ಸೀರಿ ಇಳದ ಮ್ಯಾಲ ಅವನ ಕಾಗದಾ ಬರ್ತೈತಿ" ಎನ್ನುತ್ತಿದ್ದಳು, ಆ ಎಣಿಕೆ ಬಹುಮಟ್ಟಿಗೆ ಸರಿಹೋಗುತ್ತಿತ್ತು. ಅವಳು ಬರೆಸುತ್ತಿದ್ದುದು ಪ್ರತಿ ಸಲವೂ ಒಂದೇ: ಮಳೆ, ಜೋಳದ ಬೆಲೆ, ಬಾದಾಮಿ ಬಳಿಯ ಬನಶಂಕರಿ ಜಾತ್ರೆಯಲ್ಲಿ ಯಾವ ಕಂಪನಿಯ ನಾಟಕ ಬಂದಿತ್ತು, ಮತ್ತು ಎಲ್ಲರೂ ಆರಾಮ. ತಂದೆ ಹಾಸಿಗೆ ಹಿಡಿದು ತಿಂಗಳಾಗಿದ್ದಾಗಲೂ, ಹುಡುಗ ಪೆನ್ನು ಎತ್ತಿ ಅವಳ ಮುಖ ನೋಡಿದಾಗಲೂ, "ನಾವು ಆರಾಮ ಅದೀವಿ ಅಂತ ಬರಿ, ಅಷ್ಟ" ಎಂದಳು. ಹಾಳೆಯ ಮೇಲೆ ಅಷ್ಟೇ ಹೋಯಿತು.

ಆ ತಂದೆ ತೀರಿಕೊಂಡಾಗ ಹುನಗುಂದದಿಂದ ತಂತಿ ಕೊಟ್ಟರು. ಅದು ಅವನನ್ನು ಮುಟ್ಟುವ ಹೊತ್ತಿಗೆ ಇಲ್ಲಿ ಮಣ್ಣು ಆಗಿಹೋಗಿತ್ತು. ಅವನು ಊರಿಗೆ ಬಂದದ್ದು ಅದಾಗಿ ನಾಲ್ಕಾರು ವರ್ಷಗಳ ಮೇಲೆ. ಬರಬಹುದಾಗಿತ್ತಲ್ಲ ಎಂದು ಕೇಳಿದವರಿಗೆ ಟಿಕೀಟಿನ ಬೆಲೆಯನ್ನು ಅವನು ಹೇಳಿದನೇ ಹೊರತು ಬೇರೆ ಮಾತಾಡಲಿಲ್ಲ. ಭಾರತದ ತಂತಿ ಸೇವೆ 2013ರ ಜುಲೈಯಲ್ಲಿ ನಿಂತಾಗ ಪತ್ರಿಕೆಗಳಲ್ಲಿ ಹಳಹಳಿಕೆಯ ಬರಹಗಳು ಅನೇಕ ಬಂದವು, ಆದರೆ ಆ ಓಣಿಯಲ್ಲಿ ಅದಕ್ಕಾಗಿ ಮರುಗಿದವರು ಯಾರೂ ಇರಲಿಲ್ಲ, ಏಕೆಂದರೆ ತಂತಿಯವನ ಸೈಕಲ್ಲು ಅಲ್ಲಿಗೆ ಒಳ್ಳೆಯ ಸುದ್ದಿ ತಂದದ್ದೇ ಅಪರೂಪ.

ವಿಮಾನಗಳು ಈಗ ಮೊದಲಿಗಿಂತ ವೇಗವಾಗಿ ಹಾರುವುದರಿಂದ ಅಮೆರಿಕ ಹತ್ತಿರವಾಯಿತೆಂಬ ತಿಳಿವಳಿಕೆ ಸಾಮಾನ್ಯವಾಗಿದೆ, ಆದರೆ ಅದು ನಿಜವಲ್ಲ. 1960ರ 707 ವಿಮಾನವೂ 2021ರ 777 ವಿಮಾನವೂ ತಾಸಿಗೆ ಸುಮಾರು 900 ಕಿಲೋಮೀಟರಿನ ಸುತ್ತಮುತ್ತಲಿನ ವೇಗದಲ್ಲಿಯೇ ಹಾರುವಂಥವು. ಶಬ್ದಕ್ಕಿಂತ ವೇಗವಾಗಿ ಹಾರಿದ ಕಾಂಕಾರ್ಡ್ 1976ರಿಂದ ಪ್ರಯಾಣಿಕರನ್ನು ಹೊತ್ತು 2003ರಲ್ಲಿ ನಿವೃತ್ತವಾಯಿತು, ಅದರ ಜಾಗಕ್ಕೆ ಮತ್ತೊಂದು ಬರಲಿಲ್ಲ. ಬದಲಾದುದು ವೇಗವಲ್ಲ, ಒಂದೇ ಸಲಕ್ಕೆ ಎಷ್ಟು ದೂರ ಹಾರಬಲ್ಲದು ಎಂಬ ಶಕ್ತಿ. 1948ರ ಜೂನ್ 8ರಂದು ಮುಂಬಯಿಯಿಂದ ಲಂಡನ್ನಿಗೆ ಹೊರಟ ಏರ್ ಇಂಡಿಯಾದ ಮೊದಲ ಅಂತಾರಾಷ್ಟ್ರೀಯ ವಿಮಾನ ಕೈರೋ ಮತ್ತು ಜಿನೀವಾಗಳಲ್ಲಿ ಇಳಿದಿತ್ತು; ಬೆಂಗಳೂರಿಗೆ ಬಂದ 777 ಮಾದರಿಯದು 15,000 ಕಿಲೋಮೀಟರಿಗೂ ಮಿಕ್ಕಿ ಇಳಿಯದೆ ಹಾರಬಲ್ಲದು. ಉಳಿತಾಯವಾದದ್ದು ನಡುವಿನ ನಿಲ್ದಾಣಗಳಲ್ಲಿ ಕಾಯುತ್ತಿದ್ದ ತಾಸುಗಳು.

ಇನ್ನೊಂದು ವಿಚಾರವೂ ಇಲ್ಲಿ ಹೇಳಬೇಕಾದದ್ದು. ಹತ್ತಿರದ ದಾರಿಯೇ ಬೇಗ ಮುಟ್ಟಿಸುವ ದಾರಿ ಎಂದು ತಿಳಿಯಬೇಕಾಗಿಲ್ಲ. ಭೂಮಿಯ ಮೇಲೆ ಒಂಬತ್ತು ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಡುವಣದಿಂದ ಮೂಡಣಕ್ಕೆ ಬಲವಾಗಿ ಬೀಸುವ ಗಾಳಿಯ ಪಟ್ಟಿಗಳಿವೆ, ಇವಕ್ಕೆ ಜೆಟ್ ಪ್ರವಾಹವೆನ್ನುತ್ತಾರೆ. 2016ರ ಅಕ್ಟೋಬರಿನಲ್ಲಿ ಏರ್ ಇಂಡಿಯಾ ತನ್ನ ದಿಲ್ಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನವನ್ನು ಅಟ್ಲಾಂಟಿಕ್ ದಾರಿಯಿಂದ ತೆಗೆದು ಪೆಸಿಫಿಕ್ ದಾರಿಗೆ ಹಾಕಿತು. ದೂರ 13,900 ಕಿಲೋಮೀಟರಿನಿಂದ 15,300ಕ್ಕೆ ಏರಿದರೂ ಬೆನ್ನಿಗೆ ಗಾಳಿ ಸಿಕ್ಕಿದ್ದರಿಂದ ಅದು ಹದಿನಾಲ್ಕೂವರೆ ತಾಸಿನಲ್ಲಿ ಮುಟ್ಟಿತು, ಹಳೆಯ ದಾರಿಗಿಂತ ಕಡಿಮೆ ಹೊತ್ತಿನಲ್ಲಿ. ಗಾಳಿ ನೋಡಿ ದಾರಿ ಹಿಡಿಯುವ ಈ ವಿದ್ಯೆ ಹುನಗುಂದ ತಾಲ್ಲೂಕಿಗೆ ಹೊಸದೇನಲ್ಲ. ಅದೇ ತಾಲ್ಲೂಕಿನ ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರು ಎಂಬ ವರ್ತಕರ ಸಂಘ ದಕ್ಷಿಣ ಭಾರತದ ಉದ್ದಗಲಕ್ಕೂ ಹಬ್ಬಿತ್ತು. ಸುಮಾತ್ರಾ ದ್ವೀಪದ ಬಾರೂಸ್ ಬಳಿ ಸಿಕ್ಕಿರುವ 1088ರ ತಮಿಳು ಶಾಸನವೊಂದು ಈ ಐನೂರ್ವರನ್ನು ಹೆಸರಿಸುತ್ತದೆ. ಮಳೆಗಾಳಿ ತಿರುಗುವವರೆಗೆ ಬಂದರಿನಲ್ಲಿ ತಿಂಗಳುಗಟ್ಟಲೆ ಕಾಯದೆ ಸಮುದ್ರ ದಾಟುವಂತಿರದ ಆ ಕಾಲದಲ್ಲಿ, ಇಷ್ಟು ದಿನಕ್ಕೆ ಹೋಗಿ ಬರುತ್ತೇನೆಂದು ಮನೆಯಲ್ಲಿ ಹೇಳಿ ಹೋಗುವುದು ಸಾಧ್ಯವಿರಲಿಲ್ಲ.

ದೂರದಿಂದ ಬಂದವರನ್ನು ನೋಡುವ ಅವಕಾಶ ಕರ್ತೃವಿಗೆ ಒದಗಿದ್ದು ಬಾದಾಮಿಯಲ್ಲಿ, ಉದ್ಯೋಗದ ಮೊದಲ ವರ್ಷಗಳನ್ನು ಅಲ್ಲಿನ ಶಾಲೆಯೊಂದರ ಮಾಸ್ತರಿಕೆಯಲ್ಲಿ ಕಳೆದಾಗ. ಚಾಲುಕ್ಯರ ರಾಜಧಾನಿಯಾಗಿದ್ದ ಆ ಊರು ದೂರದವರಿಗೆ ಎಂದೂ ಅಪರಿಚಿತವಾಗಿರಲಿಲ್ಲ: ಭಾರತದ ಅರಸನೊಬ್ಬ ಪರ್ಶಿಯಾದ ಎರಡನೆಯ ಖುಸ್ರೋನ ಬಳಿಗೆ ಕಳಿಸಿದ ರಾಯಭಾರಿಗಳನ್ನು ಕುರಿತು ಅಲ್ ತಬರಿ ಎಂಬ ಇತಿಹಾಸಕಾರ ಬರೆದಿದ್ದಾನೆ, ಆ ಅರಸ ಇಮ್ಮಡಿ ಪುಲಿಕೇಶಿಯೇ ಎಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ, ಚೀನಾದಿಂದ ಹೊರಟ ಹ್ಯೂಯೆನ್ ತ್ಸಾಂಗ್ ಪುಲಿಕೇಶಿಯ ನಾಡನ್ನು ಕಂಡು ಬರೆದಿಟ್ಟಿದ್ದಾನೆ, ಅವನ ತಿರುಗಾಟ ಮುಗಿದು ಊರು ಸೇರುವಾಗ ಹದಿನಾರು ವರ್ಷ ಕಳೆದಿದ್ದವು. ಕರ್ತೃ ಮಾಸ್ತರನಾಗಿದ್ದ ಕಾಲದಲ್ಲಿ ಬೆನ್ನಿಗೆ ಚೀಲ ಹೊತ್ತ ಜರ್ಮನರು, ಅಮೆರಿಕನ್ನರು, ಫ್ರೆಂಚರು ಮೀಟರ್ ಗೇಜ್ ಗಾಡಿಯಿಂದ ಇಳಿಯುತ್ತಿದ್ದರು. ಬಾದಾಮಿಯ ರೈಲು ನಿಲ್ದಾಣ ಊರಿನಿಂದ ಸುಮಾರು ಐದು ಕಿಲೋಮೀಟರ್ ಆಚೆಗಿದೆ. ಆಗ ಆ ಐದು ಕಿಲೋಮೀಟರುಗಳ ಒಡೆತನ ಟಾಂಗಾದವರದು. ಅವರಲ್ಲಿ ವಯಸ್ಸಾದವನೊಬ್ಬ, ಬಾರುಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕುದುರೆಗೆ ಹುಲ್ಲು ಹಾಕುತ್ತ, ಒಂದು ದಿನ ಹೇಳಿದ: "ಅಮೇರಿಕಾದಿಂದ ಬರ್ಲಿ, ಜರ್ಮನಿಯಿಂದ ಬರ್ಲಿ ಮಾಸ್ತರ, ಕಡೀಕ ಈ ಮೂರು ಮೈಲು ನನ್ನ ಗಾಡ್ಯಾಗ ಬರಬೇಕು." ಅವರು ವಿಮಾನಕ್ಕೆ ಕೊಟ್ಟದ್ದೆಷ್ಟೆಂದು ಅವನು ಕೇಳಿದವನಲ್ಲ, ತನ್ನ ಬಾಡಿಗೆಗೆ ಅವರು ಚೌಕಾಶಿ ಮಾಡುತ್ತಾರೆಂಬುದೇ ಅವನ ತಕರಾರು.

ಅಮೆರಿಕಕ್ಕೆ ಹೋದವನು ನಾಲ್ಕೈದು ವರ್ಷಕ್ಕೊಮ್ಮೆ ಬರತೊಡಗಿದ. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಬಂದಾಗ ತಾನು ವಿದ್ಯಾರ್ಥಿಯಾಗಿದ್ದಾಗ ಬಾಡಿಗೆಗಿದ್ದ ಕೋಣೆಯನ್ನು ಹೆಂಡತಿಗೆ ತೋರಿಸಬೇಕೆಂದು ಹಳೆಯ ಬಾಗಲಕೋಟೆಗೆ ಹೋದ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟಿನಲ್ಲಿ ನೀರು 519.60 ಮೀಟರಿನ ಮಟ್ಟಕ್ಕೆ ನಿಲ್ಲತೊಡಗಿದ ಮೇಲೆ ಘಟಪ್ರಭೆಯ ದಂಡೆಯ ಆ ಪೇಟೆಯ ತಗ್ಗಿನ ಓಣಿಗಳು ಹಿನ್ನೀರಿನ ಪಾಲಾಗಿದ್ದವು, ಹಿನ್ನೀರೆಂದರೆ ಅಣೆಕಟ್ಟಿನ ಹಿಂದೆ ನದಿ ತುಂಬಿ ಹರಡಿಕೊಳ್ಳುವ ನೀರು. ಕೋಣೆ ಕೊಟ್ಟಿದ್ದ ಮನೆಯವರು ಕೆಲವೇ ಕಿಲೋಮೀಟರ್ ದೂರದ ನವನಗರಕ್ಕೆ ಹೋಗಿದ್ದರು. ಅಲ್ಲಿ ಓಣಿಗಳಿಗೆ ಹೆಸರಿರಲಿಲ್ಲ, ಸೆಕ್ಟರುಗಳಿಗೆ ಸಂಖ್ಯೆಯಿತ್ತು. ಅರ್ಧ ದಿನ ಹುಡುಕಿ ಮನೆ ಮುಟ್ಟಿದಾಗ ಮನೆಯ ಹಿರಿಯಾತ, ಅಮೆರಿಕ ಹೇಗಿದೆ ಎಂದು ಒಂದು ಮಾತೂ ಕೇಳದೆ, ತಮಗೆ ಬಂದ ಪರಿಹಾರದ ಹಣ ಕಟ್ಟಡದ ಪಾಯಕ್ಕೇ ಸಾಲಲಿಲ್ಲವೆಂಬುದನ್ನು ಕಾಗದಪತ್ರ ತೆಗೆದು ತೋರಿಸುತ್ತ ಸಂಜೆ ಮಾಡಿದರಂತೆ. ಆ ಐದಾರು ಕಿಲೋಮೀಟರಿನ ಸ್ಥಳಾಂತರ ಆ ಮನೆಯವರಿಗೆ ದೊಡ್ಡ ಪ್ರಯಾಣವಾಗಿತ್ತೆಂಬುದನ್ನು, ಸಮುದ್ರ ದಾಟಿದವನು ಇಳಕಲ್ಲಿಗೆ ಬಂದು ತಾನಾಗಿ ಹೇಳಿದ. ನದಿನೀರು ಹಂಚಿಕೆಯ ನ್ಯಾಯಮಂಡಳಿಯ 2010ರ ತೀರ್ಪಿನಂತೆ ನೀರು 524.256 ಮೀಟರಿನವರೆಗೆ ಏರಬಹುದೆಂದಾದ ಮೇಲೆ ಇನ್ನೂ ಅನೇಕ ಮನೆಗಳು ಅದೇ ಪ್ರಯಾಣದ ಸರದಿಯಲ್ಲಿ ನಿಂತಿವೆ.

ಹಿಂದಿನ ನಿಧಾನಗತಿಯಲ್ಲಿ ಮನುಷ್ಯರ ಬಾಂಧವ್ಯ ಗಟ್ಟಿಯಿತ್ತು, ವಿಮಾನ ಮತ್ತು ಫೋನು ಬಂದು ಅದು ಸಡಿಲಾಯಿತು ಎಂಬ ಮಾತನ್ನು ನೆನಪಿನ ಬರಹಗಳಲ್ಲಿ ಪದೇ ಪದೇ ಕಾಣುತ್ತೇವೆ. ಇಳಕಲ್ಲಿನ ಆ ಓಣಿ ಈ ಮಾತಿಗೆ ಸಾಕ್ಷಿ ಹೇಳುವುದಿಲ್ಲ. ಊರೆಲ್ಲ ಕೂಡಿ ಬೀಳ್ಕೊಟ್ಟದ್ದು ಪ್ರೀತಿಯಿಂದ ಹೌದು, ಆದರೆ ಹೋದವನು ತಿರುಗಿ ಬರುವ ಖಾತರಿ ಇಲ್ಲದ ಭಯವೂ ಅದರಲ್ಲಿತ್ತು. ಕಾಗದಗಳಲ್ಲಿ ಅಕ್ಕರೆ ಇತ್ತು, ಅಷ್ಟೇ ಸುಳ್ಳೂ ಇತ್ತು. ಇಂದು ರವಿವಾರ ಬೆಳಿಗ್ಗೆ ಅಕ್ಕ ಮೊಬೈಲಿನಲ್ಲಿ ತಮ್ಮನ ಮುಖ ನೋಡಿ ಮಾತಾಡುತ್ತಾಳೆ, ಅಲ್ಲಿ ಆಗ ಶನಿವಾರದ ರಾತ್ರಿ. ಸುಳ್ಳು ಪೂರ್ತಿ ಹೋಗಿಲ್ಲವೆಂಬುದನ್ನೂ ಹೇಳಬೇಕು: ಮಳೆಗಾಲದಲ್ಲಿ ಸೋರಿ ಕಪ್ಪಾದ ಗೋಡೆ ಕಾಣದಂತೆ, ಸುಣ್ಣ ಹೊಡೆಸಿದ ಗೋಡೆಯ ಮುಂದೆ ಕುರ್ಚಿ ಹಾಕಿಸಿಕೊಂಡು ಕುಳಿತ ಮೇಲೆಯೇ ಅವಳು ಫೋನು ಹಚ್ಚಲು ಮೊಮ್ಮಗಳಿಗೆ ಹೇಳುತ್ತಾಳೆ.

ಆ ಮೊಮ್ಮಗಳು ಈಚೆಗೆ ಕ್ಯಾಲಿಫೋರ್ನಿಯಾದಲ್ಲಿ ಓದಲು ಹೋದಳು. ಅವಳ ದಾರಿಯ ಲೆಕ್ಕವನ್ನು ಅಕ್ಕ ಹೊಸ್ತಿಲಿನಿಂದಲೇ ಹಿಡಿದಳು. ವೀಸಾ ಸಂದರ್ಶನಕ್ಕೆ ಹೈದರಾಬಾದಿಗೆ ಹೋಗಿ ಬಂದದ್ದು ಒಂದು. ರಾತ್ರಿಯ ಸ್ಲೀಪರ್ ಬಸ್ಸಿನಲ್ಲಿ ಕುಷ್ಟಗಿ, ಹೊಸಪೇಟೆ, ಚಿತ್ರದುರ್ಗಗಳ ಮೇಲೆ ಬೆಂಗಳೂರಿಗೆ ಸುಮಾರು 420 ಕಿಲೋಮೀಟರ್, ಅದು ಇನ್ನೊಂದು. ಬಸ್ಸು ಇಳಿದಲ್ಲಿಂದ ದೇವನಹಳ್ಳಿಯ ವಿಮಾನ ನಿಲ್ದಾಣದವರೆಗೆ ಪೇಟೆಯ ವಾಹನಗಳ ನಡುವೆ ಹೋಗುವುದು, ವಿಮಾನಕ್ಕೆ ಮೂರು ತಾಸು ಮೊದಲೇ ಹೋಗಿ ಕೂರುವುದು, ಅಲ್ಲಿ ಇಳಿದ ಮೇಲೆ ತಪಾಸಣೆಯ ಸಾಲಿನಲ್ಲಿ ನಿಲ್ಲುವುದು. ಹದಿನೇಳು ತಾಸು ಎಂದದ್ದು ಹೀಗೆ ಎರಡರಷ್ಟಾಗುತ್ತದೆ. ಹುಬ್ಬಳ್ಳಿಯ ವಿಮಾನ ನಿಲ್ದಾಣದಲ್ಲಿ 2017ರಲ್ಲಿ ಹೊಸ ಕಟ್ಟಡವಾಗಿ ವಿಮಾನಗಳು ಹೆಚ್ಚಿವೆ, ಬಾದಾಮಿಯಿಂದ ಅದು ನೂರು ಕಿಲೋಮೀಟರಿನ ಆಜುಬಾಜು. ಗದಗ–ವಾಡಿ ಹಳಿಯ ಮೇಲೆ 2025ರ ಮೇ ತಿಂಗಳಿನಿಂದ ಕುಷ್ಟಗಿಯವರೆಗೆ ರೈಲು ಬರುತ್ತಿದೆ, ಇಳಕಲ್ಲಿನವರು ಅದನ್ನು ತಮ್ಮ ರೈಲೆಂದೇ ಮಾತಾಡುತ್ತಾರೆ. ದಿನಾಂಕದ ಗೊಂದಲವನ್ನು ಮಾತ್ರ ಮೊಮ್ಮಗಳು ಎಷ್ಟು ಬಿಡಿಸಿ ಹೇಳಿದರೂ ಅಕ್ಕ ಒಪ್ಪಲಿಲ್ಲ: ಪೆಸಿಫಿಕ್ ಸಾಗರದ ನಡುವೆ ದಿನಾಂಕ ರೇಖೆಯೆಂಬುದಿದೆ, ಅದನ್ನು ಮೂಡಣದ ಕಡೆಗೆ ದಾಟಿದರೆ ಪಂಚಾಂಗದಲ್ಲಿ ಒಂದು ದಿನ ಹಿಂದಕ್ಕೆ ಹೋಗುತ್ತದೆ, ಆದ್ದರಿಂದ ಬೆಂಗಳೂರಿನಲ್ಲಿ ಮಧ್ಯಾಹ್ನ ಹೊರಟವರು ಹದಿನೇಳು ತಾಸು ಕುಳಿತು ಅದೇ ದಿನಾಂಕದ ಸಂಜೆಗೆ ಅಲ್ಲಿ ಇಳಿಯುತ್ತಿದ್ದರು. ಅಷ್ಟು ಹೊತ್ತು ಕುಳಿತದ್ದು ಲೆಕ್ಕಕ್ಕೇ ಬರುವುದಿಲ್ಲವೆಂದರೆ ಅದೆಂಥ ಲೆಕ್ಕವೆಂದು ಅವಳ ವಾದ.

ತಮ್ಮ ಅಕ್ಕನನ್ನೂ ಕರೆಸಿಕೊಳ್ಳಬೇಕೆಂದು ಬಹಳ ಕಾಲದಿಂದ ಹೇಳುತ್ತಿದ್ದ. ಪಾಸ್‌ಪೋರ್ಟಿಗಾಗಿ ಬೆರಳಚ್ಚು ಕೊಡಲು ಹೋದಾಗ ಯಂತ್ರ ಅವಳ ಬೆರಳುಗಳನ್ನು ಗುರುತು ಹಿಡಿಯಲಿಲ್ಲ. ಐವತ್ತು ವರ್ಷ ಕೊಂಡಿಯ ಎಳೆ ತಿರುವಿದ ಹೆಬ್ಬೆರಳು ಮತ್ತು ತೋರುಬೆರಳಿನ ತುದಿಗಳಲ್ಲಿ ಗೆರೆಗಳೇ ಉಳಿದಿರಲಿಲ್ಲ, ಹಾಲುಗಲ್ಲಿನಷ್ಟು ನುಣುಪಾಗಿದ್ದವು. ಗಾಜಿನ ಹಿಂದಿದ್ದ ಹುಡುಗ ಬಟ್ಟೆಯಿಂದ ಒರೆಸಿ, ಮತ್ತೆ ಒತ್ತಿಸಿ, ಕೊನೆಗೆ ಬೇರೆ ಬೆರಳುಗಳ ಗುರುತು ತೆಗೆದುಕೊಂಡು ಹೇಗೋ ಕೆಲಸ ಮುಗಿಸಿದ. ಪಾಸ್‌ಪೋರ್ಟು ಬಂತು. ಇನ್ನು ಹೊರಡುವುದೇ ಎಂದು ತಮ್ಮ ಫೋನಿನಲ್ಲಿ ಕೇಳಿದಾಗ ಅವಳು ಕೊಟ್ಟ ಉತ್ತರವನ್ನು ಕರ್ತೃ ಅಲ್ಲಿಯೇ ಕುಳಿತು ಕೇಳಿದ್ದ: "ಹದಿನೇಳು ತಾಸು ಕುಂದ್ರೂದು ನನಗೇನು ಹೊಸಾದಲ್ಲೋ, ಮಗ್ಗದಾಗ ಅದಕ್ಕಿಂತಾ ಹೆಚ್ಚು ಕುಂತೀನಿ. ಅಲ್ಲಿ ಬಂದು ನಾ ಮಾಡೂದೇನೈತಿ? ನೀನ ಬಾ, ಜಾತ್ರಿಗೆ. ಬರುವಾಗ ಹುಬ್ಬಳ್ಳಿ ಮ್ಯಾಲ ಬಾ, ಬೆಂಗಳೂರಾಗ ಬಸ್ಸಿಗೆ ಕಾಯಬ್ಯಾಡ." ಜಾತ್ರೆಯ ಬನದ ಹುಣ್ಣಿವೆ ಯಾವಾಗ ಬೀಳುತ್ತದೆಂದು ತಮ್ಮ ಕೇಳಿದ; ಅವಳು ಗೋಡೆಯ ಕ್ಯಾಲೆಂಡರ್ ತರಲು ಹೇಳಿದಳು.